ಬಾಣಂತಿಯ ಜಾಗ

"ಕಾಕಾ, ಆ ಬದಿ ಒತ್ತಿ ಹಿಡೀರಿ, ಪಾನಾ ಜಾರಾಕತ್ತೈತಿ."

ಗುರುಬಸವ ಬಸ್ಸಿನ ನೆಲದ ಮೇಲೆ ಅಂಗಾತ ಮಲಗಿ, ಬೋಲ್ಟು ತಿರುವುತ್ತಲೇ ಹೇಳಿದ. ಶಂಕ್ರೆಪ್ಪ ಮೊಣಕಾಲಿನ ಮೇಲೆ ಕೈಯೂರಿ ಕೂತು, ಸೀಟಿನ ಕಬ್ಬಿಣದ ಕಾಲನ್ನು ಬಿಗಿಯಾಗಿ ಒತ್ತಿ ಹಿಡಿದ. ಡ್ರೈವರನ ಹಿಂದೆ ಎಡಗಡೆ, ಮೊದಲ ಸಾಲು. ಸೀಟು ಬೇರೆ ಯಾವುದೋ ಬಸ್ಸಿನದು, ಬಣ್ಣ ಕೊಂಚ ಬೇರೆ. ಅದು ಕಾಣದಿರಲೆಂದು ಎಲ್ಲ ಸೀಟುಗಳಿಗೂ ಬಿಳಿ ಕವರು ಹಾಕಿಯಾಗಿತ್ತು.

ಬಸ್ಸು ಮುಂಬೈಯ ಆರ್‌ಟಿಓ ಮೈದಾನದ ಗೇಟಿನ ಹೊರಗೆ, ಪಾಸಿಂಗಿಗೆ, ಅಂದರೆ ಗಾಡಿ ತಪಾಸಣೆಗೆ ಬಂದ ಟೆಂಪೋ, ಟ್ಯಾಂಕರುಗಳ ಸಾಲಿನಲ್ಲಿ ನಿಂತಿತ್ತು. ಗುರುಬಸವ ಅಲ್ಲಿನ ಏಜೆಂಟ. ಗೇಟಿನ ಎದುರು ಅವನದೊಂದು ಟಪರಿ ಅಂಗಡಿ. ಗಾಡಿಗಳಲ್ಲಿ ಏನೇನು ಇರಬೇಕೋ ಮತ್ತು ಏನೇನು ಇರುವುದಿಲ್ಲವೋ ಅದೆಲ್ಲ ಆ ಟಪರಿಯಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಬೆಂಕಿ ಆರಿಸುವ ಕೆಂಪು ಸಿಲಿಂಡರು, ಔಷಧದ ಪೆಟ್ಟಿಗೆ, ಹೊಸ ವೈಪರು, ಹೇಳಿಟ್ಟರೆ ಸೀಟು ಕೂಡ. ಬೆಳಿಗ್ಗೆ ಒಯ್ದದ್ದನ್ನು ಮಧ್ಯಾಹ್ನ ತಂದುಕೊಟ್ಟರಾಯಿತು. ಅದೇ ಸಿಲಿಂಡರು ದಿನಕ್ಕೆ ಎಷ್ಟು ಗಾಡಿ ಹತ್ತಿ ಇಳಿಯುತ್ತಿತ್ತೋ ಲೆಕ್ಕವಿಲ್ಲ.

ಶಂಕ್ರೆಪ್ಪನ ಹೆಂಡತಿ ರುದ್ರವ್ವ ಕೆಳಗೆ ಬಸ್ಸಿನ ನೆರಳಿನಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ, ರಸ್ತೆಯ ಅಂಚಿಗೆ, ಆ ಸೀಟುಗಳ ಜಾಗದಿಂದ ಬಿಚ್ಚಿದ ಉದ್ದನೆಯ ಹಲಗೆ ಮತ್ತು ಸುರುಳಿ ಸುತ್ತಿದ ಅರಳೆಗಾದಿ ಇದ್ದವು. ದಾಟಿ ಹೋಗುವವರ ಕಾಲು ತಾಕದಂತೆ ಅವಳು ಗಾದಿಯನ್ನು ಹಲಗೆಯ ಮೇಲೆ ಎತ್ತಿಟ್ಟಳು.

ಮುಂಬೈಯಿಂದ ಮಿರಜ್, ಅಥಣಿ ಮೇಲೆ ವಿಜಯಪುರಕ್ಕೆ ಹೋಗುವ ಅವರ ಈ ಒಂದೇ ಬಸ್ಸಿನಲ್ಲಿ ಆ ಜಾಗಕ್ಕೆ ಬಾಣಂತಿ ಜಾಗವೆಂದೇ ಹೆಸರು. ಬಹಳ ಹಿಂದೆ ರುದ್ರವ್ವ ತವರಿನಿಂದ ಹಸಿಕೂಸು ಕಟ್ಟಿಕೊಂಡು ಬರುವಾಗ ಇಡೀ ದಾರಿ ಕೂತೇ ಬಂದು, ಹೊಲಿಗೆ ಬಿಚ್ಚಿ, ಮುಂಬೈ ಮುಟ್ಟಿದ ಮೇಲೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು. ಶಂಕ್ರೆಪ್ಪ ಸ್ವಂತ ಬಸ್ಸು ಮಾಡಿದಾಗ ಅವಳು ಕೇಳಿದ್ದು ಅದೊಂದೇ. ಎರಡು ಸೀಟು ತೆಗೆದು ಹಲಗೆ ಹಾಕಿಸು, ಒಂದು ಹೆಣ್ಣು ಕಾಲು ಚಾಚಿ ಮಲಗಲಿ, ಮೇಲೆ ಜೋಲಿ ಕಟ್ಟಲು ಎರಡು ಕೊಂಡಿ ಇರಲಿ. ಅವನು ಮಾಡಿಸಿಕೊಟ್ಟ. ಹಳೆ ಬಸ್ಸು ಹೋಗಿ ಇದು ಬಂದಾಗಲೂ ಮೊದಲ ಕೆಲಸ ಅದೇ ಆಯಿತು. ವಡಾಲದಿಂದ ಅಂಧೇರಿಯವರೆಗೆ ಊರ ಕಡೆಯವರ ಮನೆಗಳಲ್ಲಿ ಯಾರಿಗಾದರೂ ದಿನ ತುಂಬುತ್ತ ಬಂದರೆ, ಆಸ್ಪತ್ರೆಗೆ ಹೆಸರು ಬರೆಸಿದ ಹಾಗೆ ರುದ್ರವ್ವನಿಗೂ ಫೋನು ಬರುತ್ತಿತ್ತು.

ಕಾಗದದ ಮೇಲೆ ಮಾತ್ರ ಬಸ್ಸಿಗೆ ಮೂವತ್ತಾರು ಸೀಟು. ಹಾಗಾಗಿ ಪ್ರತಿ ಪಾಸಿಂಗಿಗೆ ಗುರುಬಸವನ ಸೀಟು ಬಂದು ಕೂತು, ಸಂಜೆಗೆ ಎದ್ದು ಹೋಗುತ್ತಿದ್ದವು. ಈ ಸಲ ಎರಡೂ ರಾಜ್ಯದಲ್ಲಿ ಓಡುವ ಪರ್ಮಿಟ್ಟೇ ಮುಗಿದಿತ್ತು. ಬಸ್ಸು ವಡಾಲದ ಯಾರ್ಡಿನಲ್ಲಿ ನಿಂತಲ್ಲೇ ನಿಂತು, ಗಾಜಿನ ಮೇಲೆ ಯಾರೋ ಹುಡುಗರು ಬೆರಳಿನಿಂದ ತಮ್ಮ ಹೆಸರು ಬರೆದಿದ್ದರು. ಹೊಸ ಪರ್ಮಿಟ್ಟಿಗೆ ಅರ್ಜಿ ಹೋಗಬೇಕೆಂದರೆ ಮೊದಲು ಪಾಸಿಂಗ್ ಆಗಬೇಕು. ಆಮೇಲೆ ಈ ರಾಜ್ಯದವರ ಸಹಿ, ಆಮೇಲೆ ಆ ರಾಜ್ಯದವರದು.

"ಕಾಕಿ, ಈ ಸಲ ಹೊಸಾ ಇನ್ಸ್‌ಪೆಕ್ಟರ್ ಮೇಡಂ ಬಂದಾರ," ಎಂದು ಗುರುಬಸವ ಎದ್ದು ಪ್ಯಾಂಟು ಝಾಡಿಸಿಕೊಂಡ. "ವಂದನಾ ಮೇಡಂ. ಚಾ ಸೈತ ಕುಡಿಯಂಗಿಲ್ಲ. ನೀವು ಸುಮ್ನ ಕೆಳಗ ನಿಂದರ್ರಿ. ಮಾತಾಡೂದು ಕಾಕಾಗ ಬಿಡ್ರಿ."

"ಮಾಲಕಿ ನಾನಲ್ಲೇನೋ?"

"ಮಾಲಕಿ ಅಂತನ ಸುಮ್ಮನಿರ್ರಿ ಅಂದೆ."

ಬಸ್ಸು ರುದ್ರವ್ವನ ಹೆಸರಿನಲ್ಲಿತ್ತು. ಶಂಕ್ರೆಪ್ಪನ ಹೆಸರಿನ ಹಳೆ ಬಸ್ಸು ಎರಡು ಸಲ ಕೆಟ್ಟು ನಿಂತ ಮೇಲೆ, ಹೆಂಡತಿಯ ಹೆಸರು ಗಾಡಿಗೆ ಹಿಡಿಸುತ್ತದೆಂದು ಯಾರೋ ಹೇಳಿದ್ದರು.

ವಂದನಾ ಮೇಡಂ ನಲವತ್ತರ ಆಸುಪಾಸಿನ ಹೆಂಗಸು. ಖಾಕಿ ಅಂಗಿ, ಕೊರಳಿಗೆ ನೇತುಹಾಕಿಕೊಂಡ ಕಾರ್ಡು, ಕೈಯಲ್ಲಿ ಮೊಬೈಲಿಗಿಂತ ದೊಡ್ಡದೊಂದು ಯಂತ್ರ. ದೀಪ ಹಾಕಿಸಿದಳು, ಬ್ರೇಕು ಒತ್ತಿಸಿದಳು, ಹಿಂದಿನ ತುರ್ತು ಗಾಜಿನ ಬಳಿ ಸುತ್ತಿಗೆ ಇದೆಯೇ ನೋಡಿದಳು. ಸೀಟಿನ ತಲೆಗಳನ್ನು ಒಂದೊಂದಾಗಿ ಮುಟ್ಟುತ್ತ ಹಿಂದಿನಿಂದ ಮುಂದಕ್ಕೆ ಬಂದಳು. ಮೂವತ್ತಾರು ಸರಿಹೋಯಿತು. ಗುರುಬಸವ ಬಾಗಿಲಲ್ಲಿ ನಿಂತು ಶಂಕ್ರೆಪ್ಪನತ್ತ ನೋಡಿ ಹುಬ್ಬು ಹಾರಿಸಿದ.

ಮೇಡಂ ಯಂತ್ರದಲ್ಲಿ ಏನೋ ಒತ್ತುತ್ತ, ಮುಂದಿನ ಸಾಲಿನ ಹತ್ತಿರ ಸುಮ್ಮನೆ ತಲೆ ಎತ್ತಿದಳು.

ಮೇಲೆ ತಗಡಿಗೆ ಎರಡು ಕೊಂಡಿಗಳಿದ್ದವು. ಎರಡಕ್ಕೂ ಆವತ್ತಿನ ಹಸಿ ಕುಂಕುಮ. ಒಂದರಲ್ಲಿ ಸೇವಂತಿಗೆಯ ಎಸಳು ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಯಾರ್ಡಿನಿಂದ ಗಾಡಿ ಹೊರಡುವಾಗ ರುದ್ರವ್ವ ಯಾವತ್ತಿನ ಹಾಗೆ ಸ್ಟೇರಿಂಗಿಗೆ ವಿಭೂತಿ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕೊಂಡಿಗಳಿಗೆ ಕುಂಕುಮ ಇಟ್ಟು ಕೈ ಮುಗಿದಿದ್ದಳು. ಇವತ್ತು ಆ ಕೊಂಡಿಗಳು ಇರಬಾರದ ಜಾಗದಲ್ಲಿವೆ ಎಂದು ಅವಳಿಗಾಗಲಿ, ಸೀಟಿನ ಕಡೆಯೇ ಲಕ್ಷ್ಯವಿದ್ದ ಗಂಡಸರಿಗಾಗಲಿ ಹೊಳೆದಿರಲಿಲ್ಲ.

"ಇದೇನು?" ಮೇಡಂ ಮರಾಠಿಯಲ್ಲಿ ಕೇಳಿದಳು.

"ಬ್ಯಾಗು ಸಿಗಿಸಲಿಕ್ಕೆ ಮೇಡಂ," ಎಂದ ಶಂಕ್ರೆಪ್ಪ, ತಾನೂ ಮರಾಠಿಯಲ್ಲೇ.

"ಬ್ಯಾಗಿನ ಕೊಂಡಿಗೆ ಪೂಜೆಯೇ?"

"ನಮ್ಮ ಮನೆಯವಳ ಕೈಗೆ ಕುಂಕುಮದ ಡಬ್ಬಿ ಸಿಕ್ಕರೆ ಮುಗಿಯಿತು. ಸ್ಟೆಪ್ನಿಗೂ ಹಚ್ಚುತ್ತಾಳೆ, ಜ್ಯಾಕಿಗೂ ಹಚ್ಚುತ್ತಾಳೆ. ನಾನು ಮಲಗಿದ್ದರೆ ನನಗೂ ಹಚ್ಚಿಬಿಟ್ಟಾಳು."

ಗುರುಬಸವ ನಕ್ಕ. ಮೇಡಂ ನಗಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿ, "ಮಾವಶಿ, ಮೇಲೆ ಬನ್ನಿ," ಎಂದಳು.

ರುದ್ರವ್ವ ಹಿಡಿಕೆ ಹಿಡಿದು ಮೆಟ್ಟಿಲು ಹತ್ತಿದಳು. ಮೇಡಂ ಬೆರಳಿನಿಂದ ಮೇಲೆ ತೋರಿಸಿದಳು. ಶಂಕ್ರೆಪ್ಪ ಮೇಡಂನ ಬೆನ್ನ ಹಿಂದಿನಿಂದ ಕೈಯಲ್ಲಿ ಚೀಲ ಹಿಡಿದವನ ಹಾಗೆ ಸನ್ನೆ ಮಾಡಿದ. ಅವಳಿಗೆ ಸನ್ನೆ ತಿಳಿಯಿತು. ಹೌದು, ಬ್ಯಾಗಿಗೆ ಅಂದರೆ ಸಾಕಿತ್ತು. ಆದರೆ ಬೆಳಿಗ್ಗೆ ಕೈ ಮುಗಿದದ್ದನ್ನು ಮಧ್ಯಾಹ್ನದೊಳಗೆ ಬ್ಯಾಗಿನದು ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಜೋಲಿ ಕಟ್ಟೂವು ಅವು," ಎಂದಳು ಕನ್ನಡದಲ್ಲೇ. ಆಮೇಲೆ ಕೈ ತೂಗಿ ತೋರಿಸಿ, ತನಗೆ ಬರುವ ಮರಾಠಿಯಲ್ಲಿ ಹೇಳಿದಳು: "ಬಾಳಂತೀಣ ಇಲ್ಲಿ ಮಲಗುತ್ತಾಳೆ. ಕೂಸು ಮೇಲೆ."

ಮೇಡಂ ಬಗ್ಗಿ ಸೀಟಿನ ಕೆಳಗೆ ನೋಡಿದಳು. ಹಲಗೆಯ ಕಾಲು ಊರಿ ಊರಿ ನೆಲದ ರಬ್ಬರಿನ ಮೇಲೆ ನಾಲ್ಕು ಗುಳಿ ಬಿದ್ದಿದ್ದವು. ಕಿಟಕಿಯ ಹೊರಗೆ ಹಲಗೆ, ಅದರ ಮೇಲೆ ಗಾದಿ. ಎದ್ದು ನಿಂತು ಸ್ವಲ್ಪ ಹೊತ್ತು ಯಂತ್ರವನ್ನೇ ನೋಡಿದಳು.

"ಸೀಟು ಸ್ವಂತದೋ ಬಾಡಿಗೆಯದೋ ಎಂದು ನಾನು ಕೇಳುವುದಿಲ್ಲ," ಎಂದಳು. "ಎರಡು ದಾರಿ ಇವೆ. ಈ ಸೀಟು ಹೀಗೇ ಇರುತ್ತವೆ ಎಂದರೆ, ಬಿಚ್ಚಿದರೆ ಗೊತ್ತಾಗುವಂತೆ ಬೋಲ್ಟುಗಳ ಮೇಲೆ ಬಣ್ಣ ಹೊಡೆದು ಫೋಟೋ ಏರಿಸುತ್ತೇನೆ. ನಾಳೆ ಗಡಿಯ ಕಾಗವಾಡ ನಾಕಾದಲ್ಲಿ ಯಾರು ಗಾಡಿ ನಿಲ್ಲಿಸಿದರೂ ಅವರ ಮೊಬೈಲಿನಲ್ಲಿ ಆ ಫೋಟೋ ಬರುತ್ತದೆ. ನಿಮ್ಮ ಪರ್ಮಿಟ್ಟಿನ ಕೆಲಸ ಇವತ್ತೇ ಮುಂದೆ ಹೋಗುತ್ತದೆ. ಇಲ್ಲ, ನಮಗೆ ಈ ಜಾಗ ಮಲಗಲಿಕ್ಕೇ ಬೇಕು ಅಂದರೆ ಅದೂ ಆಗದ ಮಾತಲ್ಲ. ಗಾಡಿಯ ಕಾಗದ ಬದಲಾಯಿಸಬೇಕು. ಬಾಡಿ ಕಟ್ಟಿದವರಿಂದ ನಕ್ಷೆ ತರಬೇಕು. ಅದು ಮಂಜೂರಾದ ಮೇಲೆ ಪರ್ಮಿಟ್ಟಿಗೆ ಹೊಸದಾಗಿ ಅರ್ಜಿ."

"ಅಲ್ಲೀತನಕ?" ರುದ್ರವ್ವ ತನ್ನ ಅರೆಬರೆ ಮರಾಠಿಯಲ್ಲೇ ಕೇಳಿದಳು.

"ಗಾಡಿ ನಿಂತಿರುತ್ತದೆ."

"ಎಷ್ಟ ದಿನಾ?"

"ಅದನ್ನು ನಾನು ಹೇಳಲಾರೆ. ಮಾಲಕಿ ನೀವು, ನೀವೇ ಹೇಳಿ. ನನ್ನ ಹಿಂದೆ ಇನ್ನೂ ಗಾಡಿಗಳಿವೆ."

ಶಂಕ್ರೆಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡು ಮತ್ತೆ ಹೆಗಲಿಗೇ ಹಾಕಿದ. ಹೊರಗೆ ಟ್ಯಾಂಕರಿನವನು ಹಾರ್ನು ಹೊಡೆಯುತ್ತಿದ್ದ. ಬಸ್ಸು ನಿಂತಾಗಿನಿಂದ ಡ್ರೈವರು ಬೇರೆ ಕಂಪನಿಯಲ್ಲಿ ದಿನಗೂಲಿಗೆ ಹೋಗುತ್ತಿದ್ದ. ಇನ್ನೂ ಎಂಟು ದಿನ ಕಾಯುತ್ತೇನೆ ಮಾವಶಿ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದಿದ್ದ. ವಿಜಯಪುರದ ಬುಕಿಂಗ್ ಅಂಗಡಿಯವನು ಬೇರೆ ಬಸ್ಸಿನ ಬೋರ್ಡು ತೂಗುಹಾಕಿದ್ದನೆಂಬ ಸುದ್ದಿಯೂ ಬಂದಿತ್ತು. ರುದ್ರವ್ವನಿಗೆ ಅದೆಲ್ಲ ಗೊತ್ತು. ಬರುವ ಗುರುವಾರಕ್ಕೆ ಆ ಹಲಗೆಯ ಮೇಲೆ ಯಾರು ಮಲಗಬೇಕಾಗಿದೆ ಎಂಬುದೂ ಗೊತ್ತು.

"ಇರ್ಲಿ," ಎಂದಳು. "ಸೀಟು ಇರ್ಲಿ."

ಹಳದಿ ಬಣ್ಣದ ಡಬ್ಬಿ ಬಂತು. ಬೋಲ್ಟಿನ ತಲೆಗಳ ಮೇಲೆ ಬಣ್ಣ ಬಿತ್ತು. ಮೇಡಂ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ರುದ್ರವ್ವನ ಸಹಿ ಹಾಕಿಸಿಕೊಂಡು ಇಳಿದು ಹೋದಳು.

"ಹಂಗಾದ್ರ ನನ್ನ ಸೀಟು ತವರಮನಿ ಬಿಟ್ಟು ಹ್ವಾದವು ಅನ್ರಿ," ಎಂದ ಗುರುಬಸವ.

"ಅವುಕ್ಕ ರೊಕ್ಕಾ ಕೊಡ್ತೀನಿ, ಬಾಯಿ ಮುಚ್ಚು," ಎಂದ ಶಂಕ್ರೆಪ್ಪ. ಆಮೇಲೆ ಹೆಂಡತಿಯನ್ನು ಕೇಳಿದ: "ಬ್ಯಾಗಿಗೆ ಅಂದಿದ್ರ ಏನಾಗ್ತಿತ್ತು?"

"ಏನೂ ಆಗ್ತಿದ್ದಿಲ್ಲ," ಎಂದಳು ರುದ್ರವ್ವ.

ಹಲಗೆಯನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿದರು. ಗಾದಿಯನ್ನು ಅವಳು ಮನೆಗೆ ಒಯ್ದಳು.

ಮರುದಿನ ಅವಳು ವಡಾಲದಿಂದ ಲೋಕಲ್ ಹಿಡಿದು ಅಂಧೇರಿಗೆ ಹೋದಳು. ಫೋನಿನಲ್ಲಿ ಹೇಳುವ ಮಾತಲ್ಲ ಅನಿಸಿತ್ತು. ಗುರುವಾರಕ್ಕೆ ಆ ಜಾಗ ಹೇಳಿಟ್ಟಿದ್ದ ಬಾಣಂತಿ ಸ್ನೇಹಲ್‌ಳ ಬಿಲ್ಡಿಂಗಿನಲ್ಲಿ ಲಿಫ್ಟು ಇತ್ತು. ಹೆರಿಗೆಯಲ್ಲಿ ತೊಂದರೆಯಾಗಿ ಅವಳ ಹೊಟ್ಟೆ ಕೊಯ್ದಿದ್ದರು. ಮಗಳ ಆರೈಕೆಗೆಂದು ಅಥಣಿ ಹತ್ತಿರದ ಹಳ್ಳಿಯಿಂದ ಬಂದ ತಾಯಿ ಕಾಶವ್ವ, ಹೊಲ ಎಮ್ಮೆ ಎಲ್ಲ ನೆರೆಯವರಿಗೆ ಒಪ್ಪಿಸಿ ಬಂದವಳು, ಇನ್ನು ಮಗಳನ್ನು ಕರೆದುಕೊಂಡೇ ಹೋಗುತ್ತೇನೆಂದು ದಿನ ಎಣಿಸುತ್ತಿದ್ದಳು. ಅವರ ಹಳ್ಳಿಗೆ ರೈಲಿಲ್ಲ. ಮಿರಜಿನಲ್ಲಿ ಇಳಿದರೂ ಮುಂದೆ ಎರಡು ಗಾಡಿ ಬದಲಿಸಬೇಕು. ಈ ಬಸ್ಸಾದರೆ ಊರ ಅಗಸಿಯ ಎದುರಿಗೇ ನಿಲ್ಲುತ್ತದೆ.

ಕಾಶವ್ವ ಅಡಿಗೆಮನೆಯಲ್ಲಿ ಅಂಟಿನುಂಡಿಗೆ ಒಣಕೊಬ್ಬರಿ ತುರಿಯುತ್ತ ಎಲ್ಲ ಕೇಳಿದಳು. ತುರಿಯುವುದನ್ನು ನಿಲ್ಲಿಸಲಿಲ್ಲ.

"ಅಲ್ಲ ರುದ್ರಕ್ಕಾ, ಮೂರು ತಿಂಗಳ ಹಿಂದ ಮಾತ ಕೊಟ್ಟಾಕಿ ನೀನು."

"ಹೌದವಾ."

"ಆ ಮೇಡಂಗ ಮಕ್ಕಳಿದ್ದಿಲ್ಲೇನು?"

"ಇರಬೇಕು. ನಾ ಕೇಳಲಿಲ್ಲ. ಆಕಿದೇನೂ ತಪ್ಪಿಲ್ಲ ಬಿಡು. ಇರ್ಲಿ ಅಂದಾಕಿ ನಾನ."

"ನೀ ಯಾಕ ಅಂದಿ?"

"ಗಾಡಿ ಓಡಬೇಕಲ್ಲ."

ಕಾಶವ್ವ ಕೊಬ್ಬರಿಯ ಬಟ್ಟಲನ್ನು ಬದಿಗೆ ಸರಿಸಿದಳು. ಒಳಗಿನ ಕೋಣೆಯಿಂದ ಸ್ನೇಹಲ್ ಕೂಸನ್ನು ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿದು ನಿಧಾನಕ್ಕೆ ಬಂದಳು. ಚಿಕ್ಕಂದಿನಿಂದ ಮುಂಬೈಯಲ್ಲೇ ನೆಂಟರ ಮನೆಯಲ್ಲಿದ್ದು ಓದಿದ ಹುಡುಗಿ, ಕನ್ನಡ ತಡೆತಡೆದು ಬರುತ್ತಿತ್ತು.

"ಮಮ್ಮಿ, ಇಟ್ಸ್ ಓಕೆ. ಆಂಟೀದು ಬಿಸಿನೆಸ್ ಐತಿ ನಾ. ನಾನು ಬೈಠ್ ಕೇ ಹೋಗ್ತೀನಿ. ದೋ ಸೀಟ್ ದೇ ದೋ ಆಂಟಿ. ಒಂದು ನನಗ, ಒಂದು ಮಮ್ಮೀಗೆ."

"ಕುಂದರಾಕ ಆಗ್ತೈತೇನು ನಿನಗ? ಸಂಡಾಸಕ್ಕ ಹೋಗಿ ಬಂದ್ರ ಅಳ್ತಿ," ಎಂದಳು ಕಾಶವ್ವ.

"ಇಲ್ಲೇ ಇನ್ನೊಂದ ತಿಂಗಳು ಇದ್ದು ಹೋಗ್ರಿ," ಎಂದಳು ರುದ್ರವ್ವ.

"ಎಮ್ಮಿ ಈಯಾಕ ಬಂದೈತಿ. ಮಂದಿ ಎಷ್ಟಂತ ನೋಡ್ಯಾರು? ಇಕಿನ್ನ ಇಲ್ಲಿ ಬಿಟ್ಟು ಹೋಗಾಕ ನನ್ನ ಜೀವಾ ಒಪ್ಪವಲ್ದು. ಅಳಿಯ ಮುಂಜಾನೆ ಹ್ವಾದಾಂವ ದೀಪ ಹಚ್ಚಿದ ಮ್ಯಾಲೆ ಬರ್ತಾನ." ಕಾಶವ್ವ ಒಲೆಯತ್ತ ತಿರುಗಿ, "ಚಾ ಕುಡೀತಿಯೋ, ಹಾಲು ಕುಡೀತಿಯೋ?" ಎಂದು ಕೇಳಿದಳು.

ರುದ್ರವ್ವ ಚಾ ಕುಡಿದು, ಕೂಸನ್ನು ಎತ್ತಿಕೊಂಡು, ಅದರ ಕೈಯಲ್ಲಿ ನೋಟೊಂದನ್ನು ಇಟ್ಟು ಬಂದಳು. ಲಿಫ್ಟಿನವರೆಗೆ ಕಾಶವ್ವ ಬರಲಿಲ್ಲ.

ಗುರುವಾರದೊಳಗೆ ಇಲ್ಲಿಯ ತಾತ್ಕಾಲಿಕ ಪರ್ಮಿಟ್ಟು ಕೈಗೆ ಬಂತು, ಆ ಕಡೆಯ ಸಹಿಯೂ ಬಂತು. ಶಂಕ್ರೆಪ್ಪ ಮುಂದಿನ ಗಾಜಿನ ಒಳಗೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಅಂಟಿಸಿದ. ಡ್ರೈವರು ಗಡ್ಡ ಬೋಳಿಸಿಕೊಂಡು ಬಂದಿದ್ದ. ಹೊತ್ತು ಇಳಿಯುವ ಮುಂಚೆ ಯಾರ್ಡಿನ ಬಾಯಿಯಲ್ಲಿ ಗಂಟುಮೂಟೆಗಳು ಸೇರತೊಡಗಿದವು. ಬಹಳ ದಿನಕ್ಕೆ ಹೊರಟ ಬಸ್ಸು, ಒಂದು ಸೀಟೂ ಖಾಲಿ ಉಳಿದಿರಲಿಲ್ಲ. ಶಂಕ್ರೆಪ್ಪ ಎಲ್ಲರಿಗೂ ಸೀಟು ತೋರಿಸುತ್ತ, ಯಾರಿಗೋ ತಮಾಷೆ ಮಾಡುತ್ತ ಓಡಾಡುತ್ತಿದ್ದ.

ಆ ಹೊತ್ತಿನಲ್ಲೇ ರುದ್ರವ್ವನಿಗೆ ಫೋನು ಬಂತು. ಡೊಂಬಿವಲಿಯಿಂದ ಯಾರೋ ಗಂಡಸು. ಸೊಸೆಗೆ ಶ್ರಾವಣದಲ್ಲಿ ದಿನ ಐತಿ, ಹೆರಿಗಿಗೆ ಊರಿಗೆ ಕಳಿಸೂದೈತಿ, ನಿಮ್ಮಲ್ಲಿ ಮಲಗಿ ಹೋಗೂ ವ್ಯವಸ್ಥಾ ಐತಂತ, ಎಂದ.

"ಕುಂತು ಹೋಗೂದಾದ್ರ ಐತ್ರಿ," ಎಂದಳು.

ಆ ಕಡೆಯವನು, ಮತ್ತೆ ಫೋನು ಮಾಡ್ತೀನಿ ಎಂದು ಇಟ್ಟ.

ಸ್ನೇಹಲ್ ಟ್ಯಾಕ್ಸಿಯಲ್ಲಿ ಬಂದಳು. ಗಂಡ ಅನಿಕೇತ್ ಎರಡು ದಿಂಬು, ಒಂದು ನೀರಿನ ಚೀಲ ಹಿಡಿದು ಅವಳನ್ನು ಮೊದಲ ಸಾಲಿನಲ್ಲಿ ಕಿಟಕಿ ಪಕ್ಕಕ್ಕೆ ಕೂರಿಸಿದ. ಬೆನ್ನಿಗೊಂದು, ಮಗ್ಗುಲಿಗೊಂದು ದಿಂಬು ಕೊಟ್ಟು, ಕೆಳಗಿಳಿದು, ಮತ್ತೆ ಹತ್ತಿ, ಚಾರ್ಜರು ಕೊಟ್ಟು ಇಳಿದ. ಕಾಶವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದಲ್ಲಿ ಕೂತಳು. ರುದ್ರವ್ವ ಕಿಟಕಿಯ ಕೆಳಗೆ ನಿಂತು, "ಸಾವಕಾಶ ಹೊಡಿ ಅಂತ ಹೇಳೀನಿ ಡ್ರೈವರ್‌ಗ," ಎಂದಳು. ಕಾಶವ್ವ ತಲೆಯಾಡಿಸಿದಳು.

ಬಸ್ಸು ಯಾರ್ಡು ಬಿಟ್ಟು ಹೊರಗೆ ರಸ್ತೆಗೆ ಹೋಗಿ, ಅಲ್ಲಿನ ಸಿಗ್ನಲ್ಲಿಗೆ ನಿಂತಿತು. ಒಳಗೆ ದೀಪ ಹಾಕಿದ್ದರಿಂದ, ಯಾರ್ಡಿನ ಬಾಯಿಯಲ್ಲಿ ನಿಂತ ರುದ್ರವ್ವನಿಗೆ ಮುಂದಿನ ಸಾಲು ಎತ್ತರದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಸ್ನೇಹಲ್ ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಸರಿದು ಸಮ ಮಾಡಿಕೊಳ್ಳಲು ನೋಡುತ್ತಿದ್ದಳು. ಕಾಶವ್ವ ಎದ್ದು ನಿಂತಳು. ಕೂಸನ್ನು ಮಗಳ ಕೈಗೆ ಕೊಟ್ಟಳು. ಆಮೇಲೆ ಅವಳ ಎರಡೂ ಕಾಲನ್ನು ಎತ್ತಿ ತಾನು ಕೂತಿದ್ದ ಸೀಟಿನ ಮೇಲೆ ಇಟ್ಟಳು, ಅದರ ಮೇಲೆ ಚಾದರ ಹೊದಿಸಿದಳು, ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು. ಸೀಟಿನ ಕಂಬಿ ಹಿಡಿದು ನಿಧಾನಕ್ಕೆ ಕೆಳಗೆ, ಬಸ್ಸಿನ ನೆಲದ ಮೇಲೆ ಕೂತಳು. ಮೊದಲು ಹೆಗಲು, ಆಮೇಲೆ ತಲೆ ಕಿಟಕಿಯ ಕೆಳಗೆ ಮರೆಯಾದವು. ಕಂಬಿ ಹಿಡಿದ ಕೈಯೊಂದೇ ಮೇಲೆ ಉಳಿಯಿತು, ಹಸಿರು ಬಳೆಗಳು ಮೊಣಕೈಯ ಕಡೆಗೆ ಜಾರಿದ್ದವು.

ಸಿಗ್ನಲ್ ಬಿಟ್ಟಿತು.