ಮುಚ್ಚಿಟ್ಟ ತಾಟು

ಅಂದಾನೆಪ್ಪ ಮಾಸ್ತರರಿಗೆ ಯುದ್ಧ ಸಾಕಾಗಿ ಹೋಗಿತ್ತು. ಯುದ್ಧ ಮಾಡಿದವರು ಆರು ವರ್ಷಕ್ಕೆ ಕೈ ತೊಳೆದುಕೊಂಡರು. ಮುರಗೋಡದಲ್ಲಿ ಕೂತು ಎರಡನೇ ಮಹಾಯುದ್ಧದ ದಿನಚರಿ ಬರೆಯಲು ಹೊರಟ ಈ ಪುಣ್ಯಾತ್ಮರು ಮಾತ್ರ, ಸಾಲಿಯಿಂದ ನಿವೃತ್ತರಾಗಿ ಹನ್ನೊಂದು ವರ್ಷವಾದರೂ 1942ರ ಫೆಬ್ರುವರಿಯಲ್ಲೇ ಸಿಕ್ಕಿಬಿದ್ದಿದ್ದರು. ಯಾವ ದೇಶ ಯಾವತ್ತು ಯಾರ ಮೇಲೆ ಏರಿ ಹೋಯಿತು, ಯಾವ ಒಪ್ಪಂದಕ್ಕೆ ಯಾರು ಸಹಿ ಹಾಕಿದರು, ಎಲ್ಲವೂ ತಾರೀಖಿನ ಪ್ರಕಾರ. ಪಕ್ಕದಲ್ಲಿ ಹಳೇ ಪಂಚಾಂಗ ನೋಡಿ ಅವತ್ತಿನ ತಿಥಿ. ಎರಡು ಪುರಾವೆ ಇಲ್ಲದ ಮಾತಿಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ.

"ಹಿಟ್ಲರ ಸತ್ತು ಎಂಬತ್ತ ವರ್ಷಾತು, ನಮ್ಮ ಮನಿ ಬಿಟ್ಟು ಹೋಗವಲ್ಲ ನೋಡ್ರಿ," ಎಂದು ಹೆಂಡತಿ ರಾಜೇಶ್ವರಿ ಚಹಾ ಕೊಡುವಾಗೆಲ್ಲ ಚುಚ್ಚುತ್ತಿದ್ದಳು. ಸುಳ್ಳೇನಲ್ಲ. ಸತ್ತವರ ಸಂಖ್ಯೆ ಬರೆದೂ ಬರೆದೂ ಮಾಸ್ತರರ ಬೆರಳಷ್ಟೇ ಅಲ್ಲ, ಎದೆಯೂ ಜಡ್ಡುಗಟ್ಟಿತ್ತು. ಸಾವಿರ ಅಂದರೂ ಅಷ್ಟೇ, ಲಕ್ಷ ಅಂದರೂ ಅಷ್ಟೇ.

ಅವತ್ತು ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಕೆಳಗಿನ ಓಣಿಯ ಕೃಷ್ಣವ್ವ ಕೋಲೂರಿಕೊಂಡು ಬಂದಳು. ಎಂಬತ್ತನಾಲ್ಕರ ಮುದುಕಿ. ಕಟ್ಟೆಯ ಮೇಲೆ ಉಸ್ಸೆಂದು ಕೂತು, ಸೆರಗಿನ ಗಂಟು ಬಿಚ್ಚಿ, ಹಳದಿಗಟ್ಟಿದ ಒಂದು ಲಕೋಟೆ ಮುಂದಿಟ್ಟಳು.

"ಇದನ್ನ ಓದ್ರಿ ಮಾಸ್ತರ. ಇಲ್ಲೀತನಕ ಯಾರೂ ಓದಿಲ್ಲ."

ಲಕೋಟೆ ಒಡೆದೇ ಇರಲಿಲ್ಲ. ಕೃಷ್ಣವ್ವ ಹೊಟ್ಟೆಯಲ್ಲಿದ್ದಾಗ ಅವಳಪ್ಪ ನೀಲಪ್ಪ ಪಲ್ಟನ್ ಸೇರಿ ಸಿಂಗಾಪುರಕ್ಕೆ ಹೋದವನು. ಅವನ ಬದಲು ಬಂದದ್ದು ಈ ಸರಕಾರಿ ಲಕೋಟೆ. ಓದಿಸಿದರೆ ತಾನೇ ಬಳೆ ಒಡೆಯುವುದು, ಓದಿಸುವುದೇ ಬೇಡ ಅಂದ ಅವಳ ತಾಯಿ ಶಟ್ಟೆವ್ವ ಅದನ್ನು ಟ್ರಂಕಿನ ತಳಕ್ಕೆ ಹಾಕಿಬಿಟ್ಟಳು. ಕುಂಕುಮ ಹಚ್ಚಿಕೊಂಡೇ ಬಾಳಿದಳು, ಹಸಿರು ಬಳೆಯಲ್ಲೇ ಮಣ್ಣಾದಳು.

"ಸತ್ತಾನ ಅನ್ನಾಕ ಯಾರಿಗೂ ಬಾಯಿ ಬರಲಿಲ್ರಿ. ಹಂಗಾಗಿ ಹಿರ್‍ಯಾರಿಗೆ ಎಡಿ ಇಡೂ ಮುಂದ ಅಪ್ಪನ ಪಾಲ ಇಡಲೇ ಇಲ್ಲ. ಎಂಬತ್ತ ವರ್ಷದಿಂದ ಉಪಾಸ ಅದಾನ. ನಾ ಹೋದರ ಅವನ ಹೆಸರ ಹೇಳವ್ರಿಲ್ಲ. ಎಡಿ ಇಟ್ಟರ ನಮ್ಮವ್ವನ ಕುಂಕುಮ ನಾನ ಅಳಿಸಿದಂಗ ಆಗತೈತಿ. ಏನ ಮಾಡ್ಲಿ, ನೀವ ಹೇಳ್ರಿ."

ಮಾಸ್ತರರು ಲಕೋಟೆ ಒಡೆದರು. ಎರಡೇ ಸಾಲು: 1942ರ ಫೆಬ್ರುವರಿ 15ರಿಂದ ಕಾಣೆಯಾಗಿದ್ದಾನೆ. ಅದೇ ತಾರೀಖು ಮೊನ್ನೆಯಷ್ಟೇ ಪುಸ್ತಕ ಸೇರಿತ್ತು: ಸಿಂಗಾಪುರ ಶರಣಾಯಿತು. ಪತ್ತೆ ಹತ್ತದವರಿಗೆಲ್ಲ ಆ ಒಂದೇ ತಾರೀಖು ಹಾಕಿ ಕಚೇರಿಯವರು ಕೈ ಬಿಟ್ಟಿರಬೇಕು ಅನಿಸಿ ಮಾಸ್ತರರಿಗೆ ಸಿಟ್ಟು ಬಂತು. ಸತ್ತ ಎಂದುಬಿಟ್ಟರೆ ಮುದುಕಿ ಎಡೆ ಇಟ್ಟು ಹಗುರಾಗುತ್ತಾಳೆ. ಸುಳ್ಳು ನಾಲಿಗೆ ತುದಿಗೇ ಬಂದಿತ್ತು. ಹನ್ನೊಂದು ವರ್ಷದ ಚಾಳಿ, ಬಿಡಬೇಕಲ್ಲ!

"ಸತ್ತಾನ ಅಂತ ಬರದಿಲ್ರಿ ಕೃಷ್ಣವ್ವ. ಸಿಕ್ಕಿಲ್ಲ ಅಂತ ಬರದಾರ."

ಕೃಷ್ಣವ್ವನ ಮುಖ ಅರಳಿತು, ಹಾಗೇ ಬಾಡಿತು. "ಹಂಗಾರ ನಮ್ಮವ್ವ ಮುತ್ತೈದಿನ. ಛಲೋ ಆತು. ಆದರ ಅಪ್ಪ?"

ಮಾಸ್ತರರು ಕಾಗದ ಮಡಚಿ ಲಕೋಟೆಗೆ ಹಾಕಿದರು. ಸುಸ್ತಾಗಿ ಒಳಗೆ ನೋಡಿದರು. ಬೈಲಹೊಂಗಲದಿಂದ ಬರಬೇಕಿದ್ದ ಮಗಳು ಶೈಲಜಾಳ ಬಸ್ಸು ತಪ್ಪಿತ್ತು. ರಾಜೇಶ್ವರಿ ಅವಳ ಪಾಲಿನ ರೊಟ್ಟಿ ಪಲ್ಯ ತಾಟಿಗೆ ಹಾಕಿ ಮುಚ್ಚಿಡುತ್ತಿದ್ದಳು.

"ತಡಾ ಮಾಡಿ ಬರವ್ರಿಗೆ ತಾಟ ಮುಚ್ಚಿ ಇಡೂದಿಲ್ಲೇನ್ರಿ? ಅದಕ್ಕ ಯಾರರ ಎಡಿ ಅಂತಾರೇನು?" ಎಂದು ಮಾಸ್ತರರು ಪುಸ್ತಕದಲ್ಲಿ ತಿಥಿ ನೋಡಿದರು. "ಅವತ್ತ ಶಿವರಾತ್ರಿ ಅಮಾಸಿ. ವರ್ಷಾ ಅವತ್ತ ಒಂದ ತಾಟ ಮುಚ್ಚಿ ಇಡ್ರೆವ್ವಾ."

ಮುದುಕಿ ಲಕೋಟೆಯನ್ನು ಮತ್ತೆ ಗಂಟು ಕಟ್ಟಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಬದನಿಕಾಯಿ ಎಣಗಾಯಿ ಅಂದರ ಜೀವಾ ಬಿಡ್ತಿದ್ನಂತ. ಬಿಸೀದ ಇಡ್ತೇನ್ರಿ."

ಅವಳು ಓಣಿ ತಿರುಗುವವರೆಗೂ ಮಾಸ್ತರರು ನೋಡುತ್ತ ನಿಂತರು. ಒಳಗೆ ಬಂದು, ಸಿಂಗಾಪುರ ಶರಣಾಯಿತು ಎಂಬ ಸಾಲಿನ ಕೆಳಗೆ ಬರೆದರು: ಮುರಗೋಡದ ನೀಲಪ್ಪ ಇನ್ನೂ ಮನೆಗೆ ಬಂದಿಲ್ಲ. ಎರಡನೆಯ ಪುರಾವೆ ಹುಡುಕುವ ಉಸಾಬರಿಗೆ ಹೋಗಲಿಲ್ಲ.