ಆದಿಮಾನವನಿಗೆ ಕೈ ಕಟ್ಟಿಸಿದ್ದು

ವಸ್ತುಸಂಗ್ರಹಾಲಯದಲ್ಲಿ ಗೊಂಬೆಗಳ ಕೆಳಗಿನ ಫಲಕ ಬರೆಯುವವನನ್ನು ಎಲ್ಲರೂ ಫಲಕಪ್ಪ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ವರ್ಷಗಳೇ ಉರುಳಿದ್ದರೂ ಇನ್ನೂ ತಾತ್ಕಾಲಿಕ. ಹೊಸ ಕೋಣೆಯ ಉದ್ಘಾಟನೆಯ ದಿನವೇ ಖಾಯಂ ಮಾಡುತ್ತೇನೆಂದು ನಿರ್ದೇಶಕರು ಆಸೆ ಹಚ್ಚಿದ್ದರು. ಅಷ್ಟು ಸಾಕಿತ್ತು, ಅವರು ಪಕ್ಕದ ಕೋಣೆಯಲ್ಲಿ ಸೀನಿದರೂ ಫಲಕಪ್ಪ ಕೈಕಟ್ಟಿ ಎದ್ದು ನಿಲ್ಲುತ್ತಿದ್ದ.

ಹೊಸ ಕೋಣೆಯ ನಡುವೆ, ಎರಡು ಕಾಲ ಮೇಲೆ ಎದ್ದು ನಿಂತ ಆದಿಮಾನವನ ಗೊಂಬೆ. ಮೈತುಂಬ ಕೂದಲು, ಗಿಡ್ಡ ಕಾಲು, ಎರಡೂ ಕೈಯಲ್ಲಿ ಬಾಚಿಕೊಂಡ ಹಣ್ಣು. ಅದಕ್ಕೆ ಫಲಕಪ್ಪ ತಿಂಗಳುಗಟ್ಟಲೆ ಓದಿ, ಜೀವ ತೇಯ್ದು ಬರೆದಿದ್ದ: “ಮನುಷ್ಯ ಯಾಕೆ ಎದ್ದು ನಿಂತ? ಎರಡು ಕಾಲ ನಡಿಗೆಗೆ ದಣಿವು ಕಡಿಮೆ ಎನ್ನುತ್ತಾರೆ ಕೆಲವರು. ಹಣ್ಣುಹಂಪಲು ಹೊರಲು ಕೈ ಬಿಡುವಾಯಿತು ಎನ್ನುತ್ತಾರೆ ಇನ್ನು ಕೆಲವರು. ಖಚಿತವಾಗಿ ಇನ್ನೂ ಗೊತ್ತಿಲ್ಲ.” ಆ ಕೊನೆಯ ವಾಕ್ಯದ ಮೇಲೆ ಅವನಿಗೆ ವಿಪರೀತ ಮೋಹ. ತಾನು ಬರೆದದ್ದರಲ್ಲೆಲ್ಲ ಅದೊಂದೇ ಪೂರ್ತಿ ನಿಜ ಎಂದು ಅವನಿಗೆ ಅನಿಸುತ್ತಿತ್ತು.

ನಿರ್ದೇಶಕರು ಓದಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಗೊತ್ತಿಲ್ಲ ಅಂತ ಗೋಡೆ ಮೇಲೆ ಬರೆಯೋದೇನ್ರೀ? ಇದನ್ನ ಹೇಳೋಕೆ ಇವರಿಗೆ ಸಂಬಳ ಬೇರೆ ಕೇಡು ಅಂತಾರೆ ಜನ.”

“ಅಲ್ಲ ಸಾರ್, ವಿಜ್ಞಾನ...”

“ವಿಜ್ಞಾನ ಹಾಗಿರಲಿ. ಮಂತ್ರಿಗಳು ಬರ್ತಿದಾರೆ. ಇವನು ನೋಡಿದ್ರೆ ಎರಡು ಕೈಲೂ ತಿನ್ನೋದು ಹಿಡ್ಕೊಂಡು ನಿಂತಿದಾನೆ! ಮರ್ಯಾದೆ ಬೇಡ್ವಾ? ಕೈ ಕಟ್ಟಿಸಿ.”

ಹಣ್ಣು ಹೋಯಿತು. ಗೊಂಬೆ ಮಾಡುವವನು ಗೊಣಗುತ್ತಲೇ ತೋಳು ಮುರಿದು ಎದೆಯ ಮೇಲೆ ಅಡ್ಡಡ್ಡ ಕೂರಿಸಿದ. ಫಲಕವನ್ನು ನಿರ್ದೇಶಕರೇ ಹೇಳಿ ಬರೆಸಿದರು: “ಹಿರಿಯರು ಬಂದಾಗ ಗೌರವ ತೋರಿಸಲು ಮನುಷ್ಯ ಮೊದಲ ಬಾರಿ ಎದ್ದು ನಿಂತ.” ವಿದ್ವಾಂಸರು ತಲೆ ಕೆರೆದುಕೊಂಡೇ ಮುದುಕರಾದ ಪ್ರಶ್ನೆ, ನಿರ್ದೇಶಕರ ಚಹಾ ಆರುವುದರೊಳಗೆ ಬಗೆಹರಿಯಿತು.

ಉದ್ಘಾಟನೆಗೆ ಫಲಕಪ್ಪನ ಅಕ್ಕನೂ ಬಂದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮಾತು ಬಲು ಚುರುಕು. ಮಂತ್ರಿಗಳು ಫಲಕ ಓದಿ ಹುಬ್ಬೇರಿಸಿದರು.

“ಇದು ನಿಜವೇನ್ರೀ?”

ನಿರ್ದೇಶಕರು ಹಿಂದೆ ತಿರುಗಿ ಫಲಕಪ್ಪನನ್ನು ನೋಡಿದರು. ‘ಗೊತ್ತಿಲ್ಲ’ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಆದರೆ ಖಾಯಂ ಆದೇಶ ನಿರ್ದೇಶಕರ ಜೇಬಿನಿಂದ ಇಣುಕುತ್ತಿತ್ತು.

“ಹೌದು ಸಾರ್. ನೂರಕ್ಕೆ ನೂರು.”

ಚಪ್ಪಾಳೆ ಬಿತ್ತು, ಆದೇಶವೂ ಕೈಗೆ ಬಂತು. ಫಲಕಪ್ಪ ಬಗ್ಗಿದ ರೀತಿಗೆ ನಿರ್ದೇಶಕರ ಕಾಲು ಹಿಡಿಯುವುದೊಂದು ಬಾಕಿ. ಮನುಷ್ಯ ಎದ್ದು ನಿಂತಂದಿನಿಂದ ಕೈ ಹೇಗೂ ಬಿಡುವಾಗಿತ್ತಲ್ಲ.

ಜನರೆಲ್ಲ ತಿಂಡಿಯ ಮೇಜಿನತ್ತ ನುಗ್ಗಿದರು. ಅಕ್ಕ ಮಾತ್ರ ಗೊಂಬೆಯನ್ನೊಮ್ಮೆ, ಆದೇಶ ಜೇಬಿಗಿಟ್ಟು ಮತ್ತೆ ಕೈಕಟ್ಟಿ ನಿಂತಿದ್ದ ತಮ್ಮನನ್ನೊಮ್ಮೆ ನೋಡಿದಳು.

“ಕೂದಲೊಂದು ಬಿಟ್ರೆ ಥೇಟ್ ನೀನೇ ಕಣೋ.”

“ಸುಮ್ನಿರಕ್ಕ. ಖಾಯಂ ಆಯ್ತಲ್ಲ.”

“ಆಯ್ತಪ್ಪ, ಸಂತೋಷ.” ಅವಳ ನಗು ಅಷ್ಟಕ್ಕೇ ನಿಂತಿತು. “ನಿಂಗೆ ನಡೆಯೋಕೆ ಕಲಿಸಿದೋಳು ನಾನು. ಎಲ್ಲಿ ಬೀಳ್ತೀಯೋ ಅಂತ ಎದೆ ಹೊಡ್ಕೊಳ್ತಿತ್ತು. ಆದ್ರೂ ಕೈ ಬಿಟ್ಟೆ. ಯಾಕೆ ಹೇಳು?”

ಫಲಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಗೊತ್ತಿಲ್ಲಕ್ಕ,” ಎಂದ.