ನಲವತ್ತಾರಮ್ಮ

ಯಾವುದನ್ನಾದರೂ ಮನಸ್ಸಿಟ್ಟು ನೋಡಬೇಕಾದಾಗ ಅವರು ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷ ಒಂಟಿ ಕೊಳವೆಯ ಹಳೆಯ ಸೂಕ್ಷ್ಮದರ್ಶಕಕ್ಕೆ ಬಗ್ಗಿ ಕೂತದ್ದರಿಂದ ಅಂಟಿಕೊಂಡ ಅಭ್ಯಾಸವದು; ಅಂಗಡಿಯ ಟೊಮೇಟೊವನ್ನೂ ಬಸ್ಸಿನ ಬೋರ್ಡನ್ನೂ ನೆಂಟರ ಮದುವೆಯ ಫೋಟೋವನ್ನೂ ಹಾಗೆಯೇ ಪರೀಕ್ಷಿಸುತ್ತಿದ್ದರು. ದರ್ಜಿಯಾದ ಅವರ ಯಜಮಾನರು, "ನನ್ನನ್ನ ಮಾತ್ರ ಎರಡೂ ಕಣ್ಣು ಬಿಟ್ಟು ನೋಡಿ ಒಪ್ಪಿಕೊಂಡ್ಳು. ಒಂದೇ ಕಣ್ಣಲ್ಲಿ ನೋಡಿದ್ದಿದ್ರೆ ನನ್ನ ಗತಿ ಅಷ್ಟೇ!" ಎಂದು ಬಂದವರೆದುರು ನಗುತ್ತಿದ್ದರು.

ಕ್ಯಾನ್ಸರ್ ತರಬಹುದೆಂಬ ಶಂಕೆಯುಳ್ಳ ಬಣ್ಣ, ಮಸಿ, ದ್ರಾವಕಗಳನ್ನು ರಕ್ತದಿಂದ ತೆಗೆದು ಸೀಸೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಹನಿಸಿ, ಅವುಗಳೊಳಗಿನ ವರ್ಣತಂತುಗಳು ಎಷ್ಟರಮಟ್ಟಿಗೆ ತುಂಡಾಗುತ್ತವೆಂದು ನೋಡುವುದು ನಮ್ಮ ಪ್ರಯೋಗಾಲಯದ ಕೆಲಸ. 'ನಮ್ಮ' ಎಂದೆನಾದರೂ ನಾನಲ್ಲಿ ವರದಿ ಟೈಪು ಮಾಡುವವನಷ್ಟೇ. ಮನುಷ್ಯನ ಒಂದು ಕೋಶದಲ್ಲಿ ನಲವತ್ತಾರು ವರ್ಣತಂತುಗಳು. ಆರೋಗ್ಯವಂತರಲ್ಲಿ ನೂರು ಕೋಶ ಎಣಿಸಿದರೆ ಒಂದೆರಡು ತುಂಡು ಸಿಕ್ಕೀತು, ಅದಕ್ಕಿಂತ ಹೆಚ್ಚಿಲ್ಲ. ದಿನವಿಡೀ ಅದನ್ನೇ ಎಣಿಸುತ್ತಿದ್ದ ಆಕೆಗೆ ಬೆನ್ನ ಹಿಂದೆ ನಲವತ್ತಾರಮ್ಮ ಎಂದು ಹೆಸರಿಟ್ಟಿದ್ದೆವು. ಎದುರಿಗೆ ನನಗೆ ಅಕ್ಕ.

ಕೋಶಕ್ಕೆ ಹಚ್ಚುವ ಬಣ್ಣದಿಂದ ಬಲತೋಳು ಮೊಳಕೈವರೆಗೆ ನೇರಳೆಗಟ್ಟಿದ ಬಿಳಿ ಕೋಟು ತೊಟ್ಟು, ಸ್ಟೂಲಿನ ಮೇಲೆ ಹತ್ತಿ ನಿಂತು, ತಣ್ಣನೆಯ ಗಾಜಿನ ಮೇಲೆ ಅವರು ಕೋಶದ ಹನಿ ಬೀಳಿಸುತ್ತಿದ್ದುದನ್ನು ನೋಡಬೇಕಿತ್ತು. ಎತ್ತರದಿಂದ ಬಿದ್ದರೆ ತಂತುಗಳು ಬಿಡಿಬಿಡಿಯಾಗಿ ಹರಡುತ್ತವಂತೆ. ಎಣಿಸುವಾಗ ಯಾರಾದರೂ ಕರೆದರೆ ಎಡಗೈಯ ತೋರುಬೆರಳು ಮೇಲೇಳುತ್ತಿತ್ತು. ಒಮ್ಮೆ ಪಕ್ಕದ ಕೋಣೆಯಲ್ಲಿ ಬೆಂಕಿ ಹೊತ್ತಿ ನಾವೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡಿದಾಗಲೂ ಆ ಬೆರಳು ಮೇಲೆಯೇ ಇತ್ತು. ಕೈಲಿದ್ದ ಕೋಶ ಮುಗಿಸಿಯೇ ಅವರು ಹೊರಬಂದರು.

ಅವರ ಹಟವೆಂದರೆ ಒಂದೇ. ಗಾಜುಗಳ ಮೇಲೆ ಬರಿಯ ಅಂಕಿಯಿರಬೇಕು. ಯಾವ ಅಂಕಿ ಯಾವ ಮದ್ದಿನದು, ಯಾರ ರಕ್ತದ್ದು ಎಂಬುದು ನನ್ನ ಬೀಗದ ಡ್ರಾಯರಿನ ಪುಸ್ತಕದಲ್ಲಿ ಮಾತ್ರ. "ಮೊದಲೇ ಗೊತ್ತಿದ್ರೆ ಕಣ್ಣು ಪಕ್ಷಪಾತ ಮಾಡುತ್ತೆ ಕಣಪ್ಪಾ" ಎನ್ನುತ್ತಿದ್ದರು. ಯಾರಾದರೂ ಸುಳಿವು ಕೊಡಲು ಬಾಯಿ ತೆರೆದರೆ ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಆ ವರ್ಷ ಬಟ್ಟೆಯ ಹೊಸ ಬಣ್ಣವೊಂದು ಪರೀಕ್ಷೆಗೆ ಬಂದಿತ್ತು. ಹೋಲಿಕೆಗೆಂದು ಮದ್ದು ಸೋಕಿಸದ ರಕ್ತವೂ ಬೇಕು. ಕೊಡುತ್ತೇನೆಂದಿದ್ದವನು ಕೈಕೊಟ್ಟಾಗ ಅಕ್ಕ ತಾವೇ ತೋಳು ಮಡಿಸಿದರು. ಅದಕ್ಕೆ ನಾನು ಕೊಟ್ಟ ಅಂಕಿ ಹದಿನೇಳು.

ಎಣಿಕೆಯ ಹಾಳೆ ತಂದು ಮೇಜಿನ ಮೇಲಿಟ್ಟು, "ಹದಿನೇಳು ಸಿಕ್ಕಾಪಟ್ಟೆ ಏಟು ತಿಂದಿದೆ ಕಣೋ. ನೂರಕ್ಕೆ ಹದಿನಾಲ್ಕು. ಬಣ್ಣ ಜಾಸ್ತಿ ಹಾಕಿದ್ರು ಅನ್ಸುತ್ತೆ" ಎಂದರು. ಹದಿನೇಳು ಯಾರದೆಂದು ನನಗೆ ಗೊತ್ತಿತ್ತು. ಆದರೂ ಬಾಯಿಬಿಡಲಿಲ್ಲ, ನಿಯಮ ಅವರದೇ.

ಮರುದಿನ ಅಕ್ಕನೂ ನಾನೂ ಮುಖ್ಯಸ್ಥರ ಕೋಣೆಯಲ್ಲಿ ಪುಸ್ತಕ ತೆರೆದೆವು. ಹದಿನೇಳರ ಮುಂದೆ ಅಕ್ಕನ ಹೆಸರು ಕಂಡದ್ದೇ ಮುಖ್ಯಸ್ಥರು ಪುಸ್ತಕ ಮುಚ್ಚಿ, "ಇದನ್ನ ಬಿಟ್ಬಿಡೋಣ. ಬೇರೆಯವರ ರಕ್ತ ತಗೊಂಡ್ರಾಯ್ತು" ಎಂದರು. ಅದು ಕನಿಕರವೇ ಇರಬೇಕು.

"ಬಿಡೋ ಹಾಗಿಲ್ಲ ಸರ್. ಬೇರೆಯವರದಾಗಿದ್ರೆ ಕಾರಣ ಹುಡುಕ್ತಿರಲಿಲ್ವಾ?"

"ಹಾಗಾದ್ರೆ ನೀವೇ ಇನ್ನೊಂದ್ಸಲ ಎಣಿಸಿ. ಕಣ್ತಪ್ಪಿರಬಹುದು."

"ನಾನು ಎಣಿಸಲ್ಲ. ನಂದು ಅಂತ ಗೊತ್ತಾಗಿಬಿಟ್ಟಿದೆ. ಇನ್ನು ನನ್ನ ಕಣ್ಣನ್ನ ನಂಬಬೇಡಿ. ಅಂಕಿ ಬದಲಾಯಿಸಿ ಹೊರಗೆ ಕಳಿಸಿ."

ಧ್ವನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. ನಾನು ಅವರನ್ನು ನೋಡುತ್ತಲೇ ನಿಂತೆ. ಅಂಥ ಬೆರಗನ್ನು ಮೊದಲು ಅನುಭವಿಸಿರಲಿಲ್ಲ. ಹೊರಬರುವಾಗ, "ಮನೆಯವರಿಗೆ ನಾನೇ ಹೇಳ್ತೀನಿ. ನೀನು ಅವರ ಅಂಗಡಿ ಕಡೆ ಹೋಗಿ ಅಳುಮುಖ ತೋರಿಸಬೇಡ" ಎಂದಷ್ಟೇ ಹೇಳಿದರು.

ಮೂರು ವಾರದ ನಂತರ ಬೇರೆ ಪ್ರಯೋಗಾಲಯದಿಂದ ಉತ್ತರ ಬಂತು: ನೂರಕ್ಕೆ ಹದಿಮೂರು. ಆಗ, ಪರೀಕ್ಷೆಗೆ ಬರುವ ವಿಷಪುಡಿಗಳನ್ನು ಅಕ್ಕ ವರ್ಷಗಟ್ಟಲೆ ತೂಗಿದ್ದ ಮೇಜಿನಲ್ಲಿ ದುಡಿದವರೆಲ್ಲರ ರಕ್ತವನ್ನೂ ನೋಡಿದರು. ಇನ್ನಿಬ್ಬರ ತಂತುಗಳು ಹಾಗೆಯೇ ತುಂಡಾಗಿದ್ದವು. ಮೇಜಿನ ಮೇಲಿನ ಫ್ಯಾನು ಗಾಳಿಯನ್ನು ಹೊರಗೆ ತಳ್ಳುವ ಬದಲು ಎಷ್ಟೋ ವರ್ಷಗಳಿಂದ ಕೋಣೆಗೇ ತಿರುಗಿಸುತ್ತಿತ್ತಂತೆ. ಆ ಮೇಜಿನ ಕೆಲಸ ಅಂದೇ ನಿಂತಿತು. ಹಿಂದಿನ ತಿಂಗಳಷ್ಟೇ ಅಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗಿಯ ನೂರು ಕೋಶಗಳಲ್ಲಿ ಒಂದೇ ತುಂಡು ಸಿಕ್ಕಿತ್ತು. ಅಕ್ಕ ಆ ಹಾಳೆಯನ್ನು ಎರಡೆರಡು ಸಲ ಓದಿ, ಹುಡುಗಿಯ ತಲೆ ಸವರಿದರು. ತಮ್ಮ ವಿಷಯ ಕೇಳಿದರೆ, "ಮುರಿದಿದ್ದೆಲ್ಲ ಕ್ಯಾನ್ಸರ್ ಅಲ್ಲ. ಆಗೋದೇ ಇಲ್ಲ ಅಂತಾನೂ ಹೇಳಕ್ಕಾಗಲ್ಲ" ಎಂದು ವರದಿ ಓದುವ ದನಿಯಲ್ಲಿ ಹೇಳುತ್ತಿದ್ದರು.

ಊರವರ ತಪ್ಪನ್ನು ಎತ್ತಿ ಆಡುವ ಧೀರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಳತೆಗೋಲು ತಮ್ಮ ಮೈಮೇಲೇ ಬಂದು ನಿಂತಾಗ ಅದನ್ನು ಕೂದಲೆಳೆಯಷ್ಟೂ ಸರಿಸದವರು ಮಾತ್ರ ಬಹಳ ವಿರಳ. ಅಂಥವರ ಹೆಸರು ವರದಿಗಳಲ್ಲಿ ಬರುವುದಿಲ್ಲ. 'ಒಬ್ಬ ಮಹಿಳೆ, ಮದ್ದು ಸೋಕಿಸಿಲ್ಲ, ಹದಿನಾಲ್ಕು' ಎಂದು ನಾನೇ ಟೈಪು ಮಾಡಿದ್ದೇನೆ. ಅವರು ಉಳಿಸಿಕೊಟ್ಟ ಆಯುಸ್ಸಿನಲ್ಲಿ ಮಿಕ್ಕವರು, ತಾವು ಉಳಿದದ್ದು ತಿಳಿಯದೆಯೇ, ನಿಶ್ಚಿಂತೆಯಿಂದ ಬದುಕಿಕೊಂಡಿರುತ್ತಾರೆ.